ಕದ್ದದ್ದೋ, ಕೊಟ್ಟದ್ದೋ?

ಎರಡು ವರ್ಷದ ಹಿಂದೆ ನಮ್ಮ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಒಂದು ದಿನದ ‘ಮೈಂಡ್‌ಫುಲ್‌ನೆಸ್’ ಕಾರ್ಯಾಗಾರ ಇತ್ತು. ತರಬೇತಿ ಕೊಡಲು ಬಂದವರು ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟರು. ಮೊದಲ ಸಲ ಕಾಣುತ್ತಿರುವ ವಸ್ತು ಎಂಬಂತೆ ಅದನ್ನು ನೋಡಿ, ಮೂಸಿ, ಕಿವಿಯ ಹತ್ತಿರ ಹಿಡಿದು ಕೇಳಿಸಿಕೊಳ್ಳಿ, ಆಮೇಲೆ ನಿಧಾನವಾಗಿ ಬಾಯಿಗೆ ಹಾಕಿಕೊಳ್ಳಿ ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸಾಲುಸಾಲು ಜಾಳಿಗೆಗಳ ಮೇಲೆ ಮಣೂಕವೇ. ಮಣೂಕದ ವಾಸನೆ ಬಟ್ಟೆಯಿಂದ ಹೋಗಲಿ ಎಂದು ಎರಡೆರಡು ಸಲ ಒಗೆದು ಬೆಳೆದವರಿಗೆ ಅದನ್ನು ಮೊದಲ ಸಲ ಕಂಡಂತೆ ನೋಡು ಎಂದರೆ ಹೇಗೆ?

ಆ ದಿನ ಸಂಜೆ ಕೋಣೆಗೆ ಬಂದು ಒಂದು ಅಧ್ಯಾಯಕ್ಕೆ ಹೆಸರು ಬರೆದೆ: ‘ಕದ್ದ ಧ್ಯಾನ’. ನನ್ನ ಸಂಶೋಧನೆ ಥೇರವಾದ ಬೌದ್ಧರ ವಿಪಸ್ಸನಾ ಪರಂಪರೆ ಪಶ್ಚಿಮಕ್ಕೆ ಹೋದ ಬಗೆಯ ಮೇಲೆ. ಪೂರ್ವದ ಸನ್ಯಾಸಿಗಳು ಎರಡೂವರೆ ಸಾವಿರ ವರ್ಷ ಕಾಪಿಟ್ಟುಕೊಂಡು ಬಂದದ್ದನ್ನು ಅಮೆರಿಕದವರು ಐವತ್ತು ವರ್ಷದಲ್ಲಿ ಸೀಳಿ, ಬುದ್ಧನನ್ನು ಆಚೆಗಿಟ್ಟು, ಉಳಿದದ್ದನ್ನು ಪ್ಯಾಕೆಟ್ ಕಟ್ಟಿ ನಮಗೇ ಮಾರುತ್ತಿದ್ದಾರೆ ಎಂಬುದು ನನ್ನ ವಾದ. ಮೂವತ್ತು ಪುಟ ಬರೆದು ಮಾರ್ಗದರ್ಶಕರಿಗೆ ಕೊಟ್ಟೆ. ಅವರು ವಾಪಸು ಕೊಟ್ಟ ಪ್ರತಿಯಲ್ಲಿ ಶೀರ್ಷಿಕೆಯ ಪಕ್ಕ ಪೆನ್ಸಿಲಿನಲ್ಲಿ ಎರಡೇ ಶಬ್ದ ಇತ್ತು. ‘ಕದ್ದದ್ದೋ, ಕೊಟ್ಟದ್ದೋ?’

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಮೂವತ್ತು ಪುಟಗಳನ್ನೂ ಕಳೆದುಕೊಂಡೆ.

ಕಥೆ ಶುರುವಾಗುವುದು ಮ್ಯಾಂಡಲೆಯಲ್ಲಿ. 1885ರ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಇರಾವದಿ ನದಿಯ ಮೇಲೆ ಹಡಗುಗಳಲ್ಲಿ ಬಂದು ರಾಜಧಾನಿಯನ್ನು ಹೆಚ್ಚು ಹೋರಾಟವಿಲ್ಲದೆ ಹಿಡಿಯಿತು. ರಾಜ ತೀಬಾನನ್ನು ಎತ್ತಿನಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಹಡಗು ಹತ್ತಿಸಿದರು. ಕೊನೆಗೆ ಅವನನ್ನು ತಂದಿಟ್ಟದ್ದು ನಮ್ಮ ಪಕ್ಕದ ಕೊಂಕಣ ಕರಾವಳಿಯ ರತ್ನಾಗಿರಿಯಲ್ಲಿ. ಅಲ್ಲೇ 1916ರಲ್ಲಿ ತೀರಿಕೊಂಡ. 1886ರ ಜನವರಿ 1ರಂದು ಉತ್ತರ ಬರ್ಮಾ ಬ್ರಿಟಿಷ್ ಇಂಡಿಯಾಕ್ಕೆ ಸೇರಿತು.

ರಾಜ ಹೋದರೆ ಧ್ಯಾನಕ್ಕೇನು ಎಂದು ನನಗೂ ಅನಿಸಿತ್ತು. ಬರ್ಮಾದಲ್ಲಿ ರಾಜನೆಂದರೆ ಧರ್ಮದ ಆಸರೆ. ಭಿಕ್ಷುಗಳ ಪರೀಕ್ಷೆ ನಡೆಸುವವನು ಅವನು, ಸಂಘದ ಮುಖ್ಯಸ್ಥನನ್ನು ನೇಮಿಸುವವನು ಅವನು. ತೀಬಾನ ತಂದೆ ಮಿಂಡೋನ್ ಇಡೀ ತಿಪಿಟಕವನ್ನು 729 ಅಮೃತಶಿಲೆಯ ಹಲಗೆಗಳ ಮೇಲೆ ಕೊರೆಸಿ ನಿಲ್ಲಿಸಿದ. 1871ರಲ್ಲಿ ಐದನೆಯ ಬೌದ್ಧ ಸಂಗೀತಿ ಕರೆಸಿದ. (ಕನ್ನಡಿಗರಿಗೆ ಶಾಸನವೆಂದರೆ ಕಲ್ಲಿನ ಮೇಲಿನ ಬರಹ. ಪಾಳಿಯ ‘ಸಾಸನ’ ಎಂದರೆ ಬುದ್ಧನ ಬೋಧೆ, ಅದು ಲೋಕದಲ್ಲಿ ಉಳಿದಿರುವಷ್ಟು ಕಾಲ. ಮಿಂಡೋನನ ಹಲಗೆಗಳಲ್ಲಿ ಎರಡರ್ಥವೂ ಕೂಡಿಕೊಂಡಿವೆ.) ಬ್ರಿಟಿಷರು ಈ ಹೊಣೆ ತಮ್ಮದಲ್ಲ ಎಂದರು. 1895ರಲ್ಲಿ ಸಂಘದ ಮುಖ್ಯಸ್ಥ ತೀರಿಕೊಂಡ ಮೇಲೆ 1903ರವರೆಗೆ ಆ ಪೀಠ ಖಾಲಿ ಬಿತ್ತು.

ಬರ್ಮಾದವರನ್ನು ಅದಕ್ಕಿಂತ ಆಳವಾಗಿ ಕಾಡಿದ್ದು ಒಂದು ಹಳೆಯ ಮಾತು. ಬುದ್ಧನ ಸಾಸನ ಶಾಶ್ವತವಲ್ಲ, ಹಂತಹಂತವಾಗಿ ಅಳಿಯುತ್ತದೆ ಎಂದು ಐದನೆಯ ಶತಮಾನದ ಬುದ್ಧಘೋಷನ ಅಟ್ಠಕಥೆ ಹೇಳುತ್ತದೆ. ಮೊದಲು ಸಿದ್ಧಿ ಹೋಗುತ್ತದೆ, ಆಮೇಲೆ ಸಾಧನೆ, ಆಮೇಲೆ ಓದು. ಓದು ಅಳಿಯುವುದಕ್ಕೂ ಒಂದು ಕ್ರಮವಿದೆ: ತಿಪಿಟಕದಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋಗುವುದು ಅಭಿಧಮ್ಮ, ಅದರಲ್ಲೂ ಮೊದಲು ಅದರ ಕೊನೆಯ, ಬಹು ಕಠಿಣವಾದ ಗ್ರಂಥ ಪಟ್ಠಾನ. ಅಂದರೆ ಪಟ್ಠಾನ ಬಲ್ಲವರು ಇರುವವರೆಗೆ ಸಾಸನಕ್ಕೆ ಇನ್ನೂ ಆಯುಷ್ಯವಿದೆ. ರಾಜನನ್ನು ಎತ್ತಿನಗಾಡಿಯಲ್ಲಿ ಹೊತ್ತೊಯ್ದದ್ದನ್ನು ಕಣ್ಣಾರೆ ಕಂಡವರಿಗೆ ಈ ಮಾತು ಪುರಾಣವಾಗಿ ಕೇಳಿಸಿರಲಾರದು.

ಆ ಹೊತ್ತಿನಲ್ಲಿ ಒಬ್ಬ ಭಿಕ್ಷು ಊರೂರು ತಿರುಗಲು ಹೊರಟ. ಲೆಡಿ ಸಯಾಡೊ (1846–1923) ಶ್ವೇಬೋ ಕಡೆಯ ಹಳ್ಳಿಯವರು, ಮ್ಯಾಂಡಲೆಯಲ್ಲಿ ಓದಿದ ದೊಡ್ಡ ಪಂಡಿತರು. ರಾಜ ಹೋದ ಮೇಲೆ ಮೊನ್ಯುವಾ ಹತ್ತಿರದ ಲೆಡಿ ಎಂಬ ಕಾಡಿನಲ್ಲಿ ನೆಲೆಸಿದರು. ಹೆಸರು ಬಂದದ್ದು ಆ ಕಾಡಿನಿಂದ. ಅವರ ತರ್ಕ ಸರಳ. ಧರ್ಮವನ್ನು ಇನ್ನು ಅರಮನೆ ಕಾಯುವುದಿಲ್ಲ, ವಿಹಾರಗಳಷ್ಟೇ ಕಾದರೆ ಸಾಲದು, ಆದ್ದರಿಂದ ರೈತನೂ ಅಂಗಡಿಯವನೂ ಮನೆಯಾಕೆಯೂ ಕಾಯಬೇಕು. ಹಾಗಾಗಿ ಅವರು ಪಾಳಿಯಲ್ಲಿ ಪಂಡಿತರಿಗೆ ಬರೆಯುವುದರ ಜತೆಗೆ ಆಡುಮಾತಿಗೆ ಹತ್ತಿರದ ಬರ್ಮೀಸ್‌ನಲ್ಲಿ ‘ದೀಪನಿ’ಗಳನ್ನು ಬರೆದರು. ಅಭಿಧಮ್ಮವನ್ನು ಬಾಯಿಪಾಠ ಮಾಡಬಹುದಾದ ಪದ್ಯ ಮಾಡಿದರು. ಅಚ್ಚುಕೂಟಗಳು ಅವನ್ನು ಅಗ್ಗವಾಗಿ ಹಂಚಿದವು. ಅವರು ಹೋದ ಊರುಗಳಲ್ಲಿ ಗೃಹಸ್ಥರ ಅಭಿಧಮ್ಮ ಓದುವ ಗುಂಪುಗಳು ಹುಟ್ಟಿಕೊಂಡವು, ಹೆಂಗಸರವೂ ಸೇರಿ.

ಓದಿನ ಹಿಂದೆಯೇ ಧ್ಯಾನ ಬಂತು. ಇಲ್ಲಿ ನನ್ನ ದೊಡ್ಡ ತಪ್ಪು ಬಯಲಾಯಿತು. ಬರ್ಮಾದ ಸಾಮಾನ್ಯ ಬೌದ್ಧರು ತಲೆತಲಾಂತರದಿಂದ ಕಣ್ಣುಮುಚ್ಚಿ ಕೂರುತ್ತಿದ್ದರು ಎಂದು ನಾನು ತಿಳಿದಿದ್ದೆ. ಕೂರುತ್ತಿರಲಿಲ್ಲ. ಅವರು ದಾನ ಕೊಡುತ್ತಿದ್ದರು, ಶೀಲ ಪಾಲಿಸುತ್ತಿದ್ದರು, ಪಗೋಡಕ್ಕೆ ದೀಪ ಹಚ್ಚುತ್ತಿದ್ದರು. ಈ ಕೆಟ್ಟ ಕಾಲದಲ್ಲಿ ನಿಬ್ಬಾಣ ನಮ್ಮ ಕೈಗೆಟುಕುವುದಲ್ಲ, ಮುಂದೆ ಮೈತ್ರೇಯ ಬುದ್ಧ ಬಂದಾಗ ನೋಡೋಣ ಎಂಬುದು ಸಾಮಾನ್ಯ ನಂಬಿಕೆ. ಭಿಕ್ಷುಗಳಲ್ಲೂ ಧ್ಯಾನಕ್ಕೆ ಕೂರುವವರು ಕೆಲವರೇ. ಲೆಡಿ ಈ ನಂಬಿಕೆಯ ಎದುರು ನಿಂತರು. ಆಳವಾದ ಸಮಾಧಿ ಸ್ಥಿತಿಗಳನ್ನೆಲ್ಲ ಸಾಧಿಸದೆಯೂ ನೇರವಾಗಿ ವಿಪಸ್ಸನೆಗೆ ತೊಡಗಬಹುದು ಎಂದರು. ಇದು ಅವರು ಹುಟ್ಟಿಸಿದ ಮಾತಲ್ಲ; ಅಂಥ ಸಾಧಕನಿಗೆ ಅಟ್ಠಕಥೆಗಳಲ್ಲಿ ‘ಸುಕ್ಖವಿಪಸ್ಸಕ’ ಎಂಬ ಹೆಸರೇ ಇದೆ. ಸುಕ್ಖ ಅಂದರೆ ಶುಷ್ಕ, ಒಣಗಿದ್ದು. ಮಣೂಕದವರ ಮನೆಯಿಂದ ಬಂದ ನನಗೆ ಈ ಶಬ್ದ ಸಿಕ್ಕಾಗ ಆದ ಖುಷಿಯನ್ನು ಪ್ರಬಂಧದಲ್ಲಿ ಬರೆಯುವ ಹಾಗಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅಂದರೆ ‘ಎಲ್ಲರಿಗೂ ಧ್ಯಾನ’ ಎಂಬುದು ಅಮೆರಿಕದಲ್ಲಿ ಮೂಡಿದ್ದಲ್ಲ. ಸಾಮ್ರಾಜ್ಯದ ಬೂಟುಗಾಲು ಎದೆಯ ಮೇಲಿದ್ದಾಗ, ಧರ್ಮವನ್ನು ಉಳಿಸಿಕೊಳ್ಳಲು ಬರ್ಮಾದವರೇ ಕಂಡುಕೊಂಡ ಉಪಾಯ ಅದು. ಅದೇ ಲೆಡಿ ಸಯಾಡೊ ತಮ್ಮ ‘ವಿಪಸ್ಸನಾ ದೀಪನಿ’ಯನ್ನು ಯುರೋಪಿನ ಬೌದ್ಧರಿಗೆಂದೇ ಪಾಳಿಯಲ್ಲಿ ಬರೆದರು. ಲಂಡನ್ನಿನಿಂದ ಕ್ಯಾರೊಲೈನ್ ರೈಸ್ ಡೇವಿಡ್ಸ್ ಕೇಳಿದ ಅಭಿಧಮ್ಮದ ಪ್ರಶ್ನೆಗಳಿಗೂ ಉತ್ತರ ಬರೆದು ಕಳಿಸಿದರು. ಕೊಟ್ಟವರು ಬಾಗಿಲಲ್ಲೇ ನಿಂತಿದ್ದರು. ನಾನು ಕಳ್ಳನನ್ನು ಹುಡುಕುತ್ತಿದ್ದೆ.

ಲೆಡಿಯವರು ಧ್ಯಾನ ಕಲಿಸಲು ಪ್ರೋತ್ಸಾಹಿಸಿದವರಲ್ಲಿ ಸಯಾ ತೆಟ್‌ಜಿ (1873–1945) ಎಂಬ ಗೃಹಸ್ಥ ರೈತರೂ ಒಬ್ಬರು. ಅವರಲ್ಲಿ 1937ರಲ್ಲಿ ಕಲಿತವರು ಊ ಬಾ ಖಿನ್, ಸರ್ಕಾರಿ ಲೆಕ್ಕಪತ್ರ ಇಲಾಖೆಯ ನೌಕರ. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅವರೇ ದೇಶದ ಅಕೌಂಟೆಂಟ್ ಜನರಲ್. ತಮ್ಮ ಕಚೇರಿಯ ನೌಕರರಿಗಾಗಿಯೇ ಅವರು ವಿಪಸ್ಸನಾ ಸಂಘ ಕಟ್ಟಿದರು, 1952ರಲ್ಲಿ ರಂಗೂನಿನಲ್ಲಿ ಅಂತರರಾಷ್ಟ್ರೀಯ ಧ್ಯಾನ ಕೇಂದ್ರ ತೆರೆದರು. ಆಫೀಸಿನಲ್ಲಿ ಧ್ಯಾನವೆಂದರೆ ಸಿಲಿಕಾನ್ ವ್ಯಾಲಿಯ ಕಂಪನಿಗಳ ಕಿತಾಪತಿ ಎಂದು ನಾನು ನಾಲ್ಕು ಪುಟ ಬರೆದಿದ್ದೆ. ಅದರ ಮೊದಲ ಉದಾಹರಣೆಗಳಲ್ಲೊಂದು ರಂಗೂನಿನ ಎ.ಜಿ. ಆಫೀಸಿನಲ್ಲಿ ಸಿಕ್ಕಿತು.

ಇನ್ನೊಂದು ಕವಲು ಮಹಾಸಿ ಸಯಾಡೊ (1904–1982) ಅವರದು. ಪ್ರಧಾನಿ ಊ ನು ಮತ್ತು ಕೆಲವು ಶ್ರೀಮಂತ ಉಪಾಸಕರ ಕರೆಯ ಮೇಲೆ 1949ರಲ್ಲಿ ರಂಗೂನಿಗೆ ಬಂದು, ಉಸಿರಾಡುವಾಗ ಹೊಟ್ಟೆ ಏರಿಳಿಯುವುದನ್ನು ಮನಸ್ಸಿನಲ್ಲೇ ‘ಏರಿತು, ಇಳಿಯಿತು’ ಎಂದು ಗುರುತಿಸುತ್ತ ಹೋಗುವ ಕ್ರಮ ಕಲಿಸಿದರು. ಯುದ್ಧಕಾಲದಲ್ಲಿ ಬ್ರಿಟಿಷರು ಡೆಹ್ರಾಡೂನಿನ ಶಿಬಿರದಲ್ಲಿ ಕೂಡಿಹಾಕಿದ್ದ ಜರ್ಮನ್ ಭಿಕ್ಷು ಞಾಣಪೋನಿಕ ಅವರಲ್ಲಿಗೆ ಹೋಗಿ ಕಲಿತು, ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಪಶ್ಚಿಮದ ಅನೇಕರಿಗೆ ಈ ಧ್ಯಾನ ಮೊದಲು ತಲುಪಿದ್ದು ಆ ಪುಸ್ತಕದ ಮೂಲಕ.

ಇಲ್ಲಿ ಒಂದು ಹೋಲಿಕೆ ಮಾಡಬೇಕು. ಇದಕ್ಕೆಲ್ಲ ಮೊದಲು, 1908ರಲ್ಲಿ, ಬರ್ಮಾದಲ್ಲಿ ದೀಕ್ಷೆ ಪಡೆದಿದ್ದ ಇಂಗ್ಲಿಷಿನವ ಅಲನ್ ಬೆನೆಟ್, ಭಿಕ್ಷು ಆನಂದ ಮೆತ್ತೇಯ್ಯ ಎಂಬ ಹೆಸರಿನಲ್ಲಿ, ಧರ್ಮ ಹರಡಲು ಲಂಡನ್ನಿಗೆ ಹೋಗಿದ್ದ. ಭಿಕ್ಷು ಹಣ ಮುಟ್ಟುವಂತಿಲ್ಲ, ಮಧ್ಯಾಹ್ನದ ಮೇಲೆ ಉಣ್ಣುವಂತಿಲ್ಲ, ಹೆಂಗಸಿರುವ ಸೂರಿನಡಿ ಮಲಗುವಂತಿಲ್ಲ. ಬರ್ಮಾದಲ್ಲಿ ಇಡೀ ಊರು ಇದನ್ನು ಬಲ್ಲದು, ಬೆಳಿಗ್ಗೆ ಎದ್ದು ಅನ್ನ ನೀಡುತ್ತದೆ. ಲಂಡನ್ನಿನ ಬೀದಿಯಲ್ಲಿ ಕಾವಿ ಉಟ್ಟವನ ಸುತ್ತ ಅಂಥ ಊರಿರಲಿಲ್ಲ. ಅದೇ ವರ್ಷ ಆತ ಬರ್ಮಾಕ್ಕೆ ಮರಳಿದ. ಕಾವಿ ಒಂಟಿಯಾಗಿ ಹಡಗು ಹತ್ತಲಾರದು. ಅದು ಹೋಗಬೇಕಾದರೆ ಊರೇ ಹೋಗಬೇಕು. ಗೃಹಸ್ಥ ಗುರು, ಹತ್ತು ದಿನದ ಶಿಬಿರ, ಉಸಿರು: ಇವಕ್ಕೆ ಅಷ್ಟು ಸಾಮಾನು ಬೇಡ. ಪಶ್ಚಿಮಕ್ಕೆ ಇದನ್ನೇ ‘ಹಗುರ’ ಮಾಡಿದ್ದು ಎಂದು ನಾನು ದೂರಿದ್ದೆ. ಹಗುರಾದದ್ದು ಬರ್ಮಾದ ಹಳ್ಳಿಗಳಲ್ಲೇ.

ಹಾಗಾದರೆ ಅದು ರಂಗೂನಿನಿಂದ ಅಮೆರಿಕಕ್ಕೆ ನೇರ ಹೋಗಬಹುದಿತ್ತಲ್ಲ? ಹೋಗಲಿಲ್ಲ. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದು ದೇಶದ ಬಾಗಿಲು ಹಾಕಿದ. ಹೊರಗಿನವರು ಬಂದು ತಿಂಗಳುಗಟ್ಟಲೆ ಧ್ಯಾನಕ್ಕೆ ಕೂರುವುದು ಕಷ್ಟವಾಯಿತು. ಊ ಬಾ ಖಿನ್ ತಾವು ಹೊರದೇಶಕ್ಕೆ ಹೋಗಿ ಕಲಿಸಬೇಕೆಂದು ಆಸೆಪಟ್ಟವರು, ಆಗಲಿಲ್ಲ. ಅವರ ಬದಲು ಬಂದವರು ಸತ್ಯನಾರಾಯಣ ಗೋಯೆಂಕಾ, 1924ರಲ್ಲಿ ಮ್ಯಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ. ಮಾರ್ಫಿನ್ ಚುಚ್ಚಿಸಿಕೊಳ್ಳುವಷ್ಟು ಮೈಗ್ರೇನ್ ಕಾಟದಿಂದ 1955ರಲ್ಲಿ ಊ ಬಾ ಖಿನ್ ಹತ್ತಿರ ಹೋದಾಗ, ತಲೆನೋವಿಗೆ ಮದ್ದೆಂದು ಬರುವುದಾದರೆ ಬೇಡ ಎಂದು ಅವರು ಮೊದಲು ಹಿಂದಕ್ಕೆ ಕಳಿಸಿದ್ದರು. ತಾಯಿಯ ಕಾಯಿಲೆಯ ಕಾರಣಕ್ಕೆ 1969ರಲ್ಲಿ ಗೋಯೆಂಕಾ ಮುಂಬೈಗೆ ಬಂದರು, ಆ ಜುಲೈನಲ್ಲೇ ಮೊದಲ ಶಿಬಿರ ನಡೆಸಿದರು. ಮಹಾಸಿಯವರಲ್ಲಿ ವರ್ಷಗಟ್ಟಲೆ ಕಲಿತ ಬಂಗಾಳಿ ಬೌದ್ಧ ಅನಾಗಾರಿಕ ಮುನೀಂದ್ರ ಅದಕ್ಕೂ ಮೊದಲೇ, 1966ರಲ್ಲಿ, ಬುದ್ಧಗಯೆಗೆ ಮರಳಿದ್ದರು.

ಅದೇ ಕಾಲಕ್ಕೆ ಬುದ್ಧಗಯೆಗೆ ಬೆನ್ನಿಗೆ ಚೀಲ ಕಟ್ಟಿಕೊಂಡ ಅಮೆರಿಕದ ಹುಡುಗ ಹುಡುಗಿಯರು ಬರತೊಡಗಿದ್ದರು. ಥಾಯ್ಲೆಂಡಿನಲ್ಲಿ ಪೀಸ್ ಕೋರ್ ಕೆಲಸ ಮುಗಿಸಿ 1967ರಲ್ಲಿ ಬಂದು ಮುನೀಂದ್ರರ ಹತ್ತಿರ ಕೂತವನು ಜೋಸೆಫ್ ಗೋಲ್ಡ್‌ಸ್ಟೀನ್. 1971ರ ಜನವರಿಯಲ್ಲಿ ಬುದ್ಧಗಯೆಯಲ್ಲಿ ಗೋಯೆಂಕಾರ ಶಿಬಿರಕ್ಕೆ ಸೇರಿದ ಹದಿನೆಂಟರ ಹುಡುಗಿ ಶಾರನ್ ಸಾಲ್ಜ್‌ಬರ್ಗ್. ಇವರೆಲ್ಲ ಕಳ್ಳರಾಗಿದ್ದರೆ ಬಹಳ ದಡ್ಡ ಕಳ್ಳರು: ಕಾಮಾಲೆ, ಭೇದಿ ಅನುಭವಿಸಿ, ನೆಲದ ಮೇಲೆ ಮಲಗಿ, ಕದಿಯಬೇಕಾದ್ದನ್ನು ಮನೆಯವರ ಕೈಯಿಂದಲೇ ಕಲಿತವರು.

ಈ ಇಡೀ ಕಥೆಯಲ್ಲಿ ನನಗೆ ಬಿಟ್ಟುಬರಲು ಆಗದ ಮನೆ ಕೊಲ್ಕತ್ತದಲ್ಲಿದೆ. ನಾನಿ ಬಾಲಾ ಬರುವಾ, 1911ರಲ್ಲಿ ಚಿತ್ತಗಾಂಗ್ ಕಡೆಯ ಬೌದ್ಧ ಕುಟುಂಬದಲ್ಲಿ ಹುಟ್ಟಿದಾಕೆ. ಹನ್ನೆರಡಕ್ಕೆ ಮದುವೆ, ರಂಗೂನಿನಲ್ಲಿದ್ದ ಗಂಡನ ಮನೆಗೆ ಹೋದರು. ಇಬ್ಬರು ಮಕ್ಕಳು ತೀರಿಕೊಂಡರು, ಗಂಡನೂ ಹೋದ. ಉಳಿದದ್ದು ದೀಪಾ ಎಂಬ ಮಗಳು, ಹೃದಯದ ಕಾಯಿಲೆ ಮತ್ತು ನಿದ್ದೆ ಬಾರದ ರಾತ್ರಿಗಳು. ಧ್ಯಾನ ಕೇಂದ್ರದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರಂತೆ. ಮುನೀಂದ್ರರ ಬಳಿ ಕಲಿತು, 1967ರಲ್ಲಿ ಮಗಳೊಂದಿಗೆ ಕೊಲ್ಕತ್ತಕ್ಕೆ ಬಂದು ಪುಟ್ಟ ಬಾಡಿಗೆ ಮನೆಯಲ್ಲಿ ಉಳಿದರು. ಜನ ‘ದೀಪಾ ಮಾ’ ಅಂದರು. ನೆರೆಹೊರೆಯ ಹೆಂಗಸರಿಗೆ ಪಾತ್ರೆ ತೊಳೆಯುವಾಗ, ಮಗುವಿಗೆ ಹಾಲೂಡುವಾಗ ಹೇಗೆ ಎಚ್ಚರವಿರಬೇಕೆಂದು ಕಲಿಸಿದರು. 1974ರಲ್ಲಿ ಸ್ವಲ್ಪ ದಿನ ಊರಿಗೆ ಹೋಗಿ ಬರುತ್ತೇನೆಂದು ಬೀಳ್ಕೊಳ್ಳಲು ಬಂದ ಸಾಲ್ಜ್‌ಬರ್ಗ್‌ಗೆ, ನೀನು ಅಲ್ಲಿ ಕಲಿಸುತ್ತೀಯ ಎಂದರು. ನನ್ನಿಂದಾಗದು ಎಂದಾಗ, ದುಃಖ ಅಂದರೇನೆಂದು ನಿನಗೆ ಗೊತ್ತಿದೆ, ಆದ್ದರಿಂದ ಕಲಿಸಬೇಕು ಎಂಬರ್ಥದ ಮಾತಾಡಿದರು. ಸಾಲ್ಜ್‌ಬರ್ಗ್ ಇದನ್ನು ಹಲವೆಡೆ ಬರೆದುಕೊಂಡಿದ್ದಾರೆ. ಈ ಪ್ರಸಂಗ ಓದಿದ ರಾತ್ರಿ ‘ಕದ್ದ ಧ್ಯಾನ’ ಎಂಬ ಶೀರ್ಷಿಕೆಯನ್ನು ಹೊಡೆದುಹಾಕಿದೆ.

ಮುಂದಿನದು ಬೇಗ ಹೇಳಬಹುದು. ಗೋಲ್ಡ್‌ಸ್ಟೀನ್, ಸಾಲ್ಜ್‌ಬರ್ಗ್, ಥಾಯ್ಲೆಂಡಿನಲ್ಲಿ ಭಿಕ್ಷುವಾಗಿದ್ದು ಮರಳಿದ ಜ್ಯಾಕ್ ಕಾರ್ನ್‌ಫೀಲ್ಡ್ ಮತ್ತು ಗೆಳೆಯರು ಸೇರಿ ಮ್ಯಾಸಚೂಸೆಟ್ಸ್‌ನ ಬ್ಯಾರಿ ಎಂಬ ಸಣ್ಣ ಊರಿನಲ್ಲಿ ಹಳೆಯ ಕ್ಯಾಥೊಲಿಕ್ ಮಠದ ಕಟ್ಟಡ ಕೊಂಡು 1976ರಲ್ಲಿ ಇನ್‌ಸೈಟ್ ಮೆಡಿಟೇಶನ್ ಸೊಸೈಟಿಯ ಬಾಗಿಲು ತೆರೆದರು. 1979ರಲ್ಲಿ ಅಲ್ಲಿನ ಶಿಬಿರವೊಂದರಲ್ಲಿ ಕೂತಿದ್ದ ಅಣುಜೀವಶಾಸ್ತ್ರದ ವಿದ್ವಾಂಸ ಜಾನ್ ಕಬಟ್-ಝಿನ್‌ಗೆ, ಇದನ್ನು ಆಸ್ಪತ್ರೆಗೆ ಒಯ್ಯಬಹುದು ಎಂದು ಹೊಳೆಯಿತು. ಅದೇ ವರ್ಷ ವುಸ್ಟರ್‌ನ ವೈದ್ಯಕೀಯ ಕೇಂದ್ರದಲ್ಲಿ, ವೈದ್ಯರು ಕೈಚೆಲ್ಲಿದ ನೋವಿನ ರೋಗಿಗಳಿಗೆ, ಪಾಠ ಶುರುವಾಯಿತು. ಅದರ ಮೊದಲ ತರಗತಿಯಲ್ಲಿ ಒಣದ್ರಾಕ್ಷಿ. ಬುದ್ಧನ ಹೆಸರು ತಂದರೆ ಆಸ್ಪತ್ರೆ ಒಳಗೆ ಬಿಟ್ಟುಕೊಳ್ಳದು ಎಂದು ಕಬಟ್-ಝಿನ್ ಬೇಕೆಂದೇ ಆ ಹೆಸರನ್ನು ಹೊರಗಿಟ್ಟರು. ಅದನ್ನು ಅವರೇ ಒಪ್ಪಿ ಬರೆದಿದ್ದಾರೆ. ತಲೆನೋವಿಗೆ ಮದ್ದಾಗಿ ಬರುವುದಾದರೆ ಬೇಡ ಎಂದಿದ್ದರು ಊ ಬಾ ಖಿನ್. ಇಲ್ಲಿ ನೋವಿಗಾಗಿಯೇ ಬನ್ನಿ ಎಂದರು. ನಿಜವಾದ ತಿರುವು ಇದು, ಮತ್ತು ಇದಕ್ಕೆ ಬರ್ಮಾದಲ್ಲಿ ಪೂರ್ವಜರಿಲ್ಲ.

ಈ ತಿರುವಿನಲ್ಲಿ ಕಳೆದದ್ದೇನು? ಪುನರ್ಜನ್ಮ, ಅಭಿಧಮ್ಮ, ಅನ್ನ ನೀಡುವ ಊರು. ನನ್ನನ್ನು ಹೆಚ್ಚು ಕಾಡುವುದು ಬೇರೆ. ಲೆಡಿಯ ಕಾಲದ ರೈತ ಕಣ್ಣುಮುಚ್ಚಿದ್ದು ತನ್ನ ಬಿಡುಗಡೆಗೂ ಹೌದು, ಎಲ್ಲರಿಗೂ ಸೇರಿದ ಒಂದು ವಸ್ತು ತನ್ನ ಕಾಲದಲ್ಲಿ ಅಳಿಯದಿರಲಿ ಎಂದೂ ಹೌದು. ನಮ್ಮ ಕಾರ್ಯಾಗಾರದಲ್ಲಿ ಕಣ್ಣುಮುಚ್ಚಿದ್ದ ನಲವತ್ತು ಜನರಲ್ಲಿ ಹಲವರಿಗೆ ಫೆಲೋಶಿಪ್ ಬಂದು ಏಳು ತಿಂಗಳಾಗಿತ್ತು. ಒತ್ತಡ ನಿಮ್ಮ ಮನಸ್ಸಿನಲ್ಲಿದೆ ಎಂದು ನಮಗೆ ಹೇಳಲಾಯಿತು.

ಆದರೂ ಬರ್ಮಾವನ್ನು ಹೊಗಳಿ ಮುಗಿಸಲಾರೆ. ಸಾಸನ ಅಳಿಯುತ್ತದೆ ಎಂಬ ಅದೇ ಭಯದ ಇನ್ನೊಂದು ಮುಖವನ್ನು ನಾವು ಕಂಡಿದ್ದೇವೆ. 2013ರಲ್ಲಿ ಜನಾಂಗ ಮತ್ತು ಧರ್ಮದ ರಕ್ಷಣೆಗೆಂದು ಭಿಕ್ಷುಗಳು ಕಟ್ಟಿದ ‘ಮ ಬ ಥ’ ಸಂಘಟನೆ ಮುಸ್ಲಿಮರನ್ನು ಧರ್ಮದ ಶತ್ರುಗಳೆಂದು ಸಾರಿತು. 2017ರಲ್ಲಿ ಸೈನ್ಯದ ದಾಳಿಗೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿದರು. ಲೆಡಿಯವರ ಭಯ ಪುಸ್ತಕ ಬರೆಸಿತು. ಇವರ ಭಯ ಬೇರೆಯದನ್ನು ಮಾಡಿಸಿತು. ಎರಡಕ್ಕೂ ಬೇರು ಒಂದೇ ಎಂಬುದನ್ನು ಮುಚ್ಚಿಡಲಾರೆ. ಹಾಗೆ ನೋಡಿದರೆ, ವುಸ್ಟರ್‌ನ ಆಸ್ಪತ್ರೆ ಆ ಭಯವನ್ನು ಹೊರಗೇ ಬಿಟ್ಟಿತು. ಅದು ನಷ್ಟವೋ ಲಾಭವೋ, ನನ್ನ ಅಧ್ಯಾಯ ಇನ್ನೂ ಅಲ್ಲೇ ತೊಡರಿ ನಿಂತಿದೆ.

ಅನುಬಂಧಕ್ಕೆಂದು ಸತಿಪಟ್ಠಾನ ಸುತ್ತದ ಒಂದು ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಮುಖ್ಯ ಶಬ್ದ ‘ಸತಿ’. ಸಂಸ್ಕೃತದ ಸ್ಮೃತಿಯೇ ಪಾಳಿಯಲ್ಲಿ ಸತಿ; ಮೂಲದಲ್ಲಿ ಅದು ನೆನಪು. ಸಿಲೋನಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದು ಕೆಲಸ ಕಳೆದುಕೊಂಡು ಪಾಳಿ ಪಂಡಿತನಾದ ಟಿ.ಡಬ್ಲ್ಯು. ರೈಸ್ ಡೇವಿಡ್ಸ್ 1881ರ ಅನುವಾದದಲ್ಲಿ ಅದಕ್ಕೆ ‘ಮೈಂಡ್‌ಫುಲ್‌ನೆಸ್’ ಎಂದ. ನೆನಪು ಹಿಂದೆ ಸರಿದು ಗಮನ ಮುಂದೆ ಬಂತು. ಕನ್ನಡದಲ್ಲಿ ನಾನು ‘ಸ್ಮೃತಿ’ ಎಂದರೆ ಓದುಗರಿಗೆ ಮನು ನೆನಪಾಗುತ್ತಾನೆ. ‘ಎಚ್ಚರ’ ಎಂದರೆ ನೆನಪು ತಪ್ಪುತ್ತದೆ, ‘ನೆನಪು’ ಎಂದರೆ ಎಚ್ಚರ ತಪ್ಪುತ್ತದೆ. ತಿಂಗಳುಗಟ್ಟಲೆ ಆ ಜಾಗ ಖಾಲಿ ಬಿಟ್ಟಿದ್ದೆ.

ಹೋದ ವಾರ ಅವ್ವ ಫೋನ್ ಮಾಡಿದ್ದಳು. ಈ ವರ್ಷ ಮಣೂಕದ ರೇಟು ಬಿದ್ದದ್ದು, ಶೆಡ್ಡಿನ ಪತ್ರಾಸು ಹಾರಿದ್ದು ಹೇಳುತ್ತ ಹೇಳುತ್ತ ನಡುವೆ ಚೀರಿದಳು: “ಅಯ್ಯ, ಒಲಿ ಮ್ಯಾಲೆ ಹಾಲ ಇಟ್ಟಿದ್ನೆವಾ, ಧ್ಯಾಸನ ಇಲ್ಲ ನೋಡು!”

ಫೋನ್ ಇಟ್ಟ ಮೇಲೆ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ‘ಧ್ಯಾಸ’ ಎಂದು ಬರೆದೆ. ಮಾರ್ಗದರ್ಶಕರು ಇನ್ನೂ ನೋಡಿಲ್ಲ.